ಬಂಡೆಯಲ್ಲಿದ್ದ ಅರ್ಧ ವಿಕಿರಣ ಎಲ್ಲಿ ಹೋಯಿತು?

ಪ್ರಶ್ನೆ: ಸಾರ್, ನಮ್ಮದು ಪಾಂಡವಪುರ ತಾಲ್ಲೂಕು, ಕುಂತಿಬೆಟ್ಟದ ಕಡೆ. ಮೇಲ್ಗಡೆ ಎರಡು ಎಕರೆ ಕೆಂಪು ಹೊಲ, ರಾಗಿ-ಹುರುಳಿ ಬೆಳೆಯುತ್ತೇವೆ. ಕೆಳಗೆ ನಾಲೆ ಬಯಲಲ್ಲಿ ಒಂದೂವರೆ ಎಕರೆ ಗದ್ದೆ, ಭತ್ತ ಇಲ್ಲವೇ ಕಬ್ಬು. ಅಣು ಖನಿಜದವರು ಲಿಥಿಯಂ ಹುಡುಕಿಕೊಂಡು ನಮ್ಮ ಜಿಲ್ಲೆಗೆ ಬಂದಾಗಿನಿಂದ ಈ ನೆಲದಲ್ಲಿ ವಿಕಿರಣ ಇದೆ ಅಂತ ಊರೆಲ್ಲ ಮಾತು. ಹಬ್ಬಕ್ಕೆ ಬಂದ ಅಕ್ಕನ ಮಗ ಅಂಗೈಯಗಲದ ಒಂದು ಮೀಟರ್ ತಂದಿದ್ದ. ಮೈಗೆ ತಾಗುವ ವಿಕಿರಣವನ್ನು ಅಳೆಯೋದಂತೆ ಅದು. ನೀರು ನಿಂತ ಗದ್ದೆಯ ತೆವರಿ ಮೇಲೆ ಗಂಟೆಗೆ 0.13 ಮೈಕ್ರೊಸೀವರ್ಟ್, ಬೆಟ್ಟದ ಬಂಡೆ ಮೇಲೆ 0.26 ತೋರಿಸಿತು. ಬಂಡೆ ಸವೆದೇ ಮಣ್ಣಾಗೋದು ಅಂತ ಶಾಲೆಯಲ್ಲಿ ಓದಿದ್ದೇನೆ. ಹಾಗಾದರೆ ಬಂಡೆಯಲ್ಲಿದ್ದದ್ದು ಮಣ್ಣಿಗೂ ಬರಬೇಕಲ್ಲ, ಅರ್ಧ ಎಲ್ಲಿ ಹೋಯಿತು? ವಿಕಿರಣದಿಂದಲೇ ಕಲ್ಲು ಒಡೆದು ಮಣ್ಣಾಗುತ್ತೆ ಅಂತ ಒಂದು ವಿಡಿಯೊದಲ್ಲಿ ಹೇಳಿದರು, ನಿಜವಾ? ನಾವು ಹಾಕೋ ಗೊಬ್ಬರದಲ್ಲೂ ಇದೆಯಂತೆ. ಅನ್ನ, ಬೆಲ್ಲದೊಳಕ್ಕೆ ಬರುತ್ತಾ?

ಉತ್ತರ: "ಅರ್ಧ ಎಲ್ಲಿ ಹೋಯಿತು" ಅಂತ ಕೇಳಿದಿರಲ್ಲ, ಮಣ್ಣಿನ ಪಾಠ ಹೇಳಿಕೊಂಡೇ ತಲೆ ಬೆಳ್ಳಗಾದ ನನಗೆ ಇಂಥ ಪ್ರಶ್ನೆ ತರಗತಿಯಲ್ಲಿ ಸಿಕ್ಕಿದ್ದು ಕಡಿಮೆ. ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಮೊದಲು ಲಿಥಿಯಂ ಗಾಬರಿಯನ್ನು ಪಕ್ಕಕ್ಕಿಡೋಣ.

ಲಿಥಿಯಂ ವಿಕಿರಣ ಸೂಸುವ ವಸ್ತುವೇ ಅಲ್ಲ. ಪ್ರಕೃತಿಯಲ್ಲಿ ಸಿಗುವ ಲಿಥಿಯಂ ಎರಡು ಬಗೆಯದು, ಪರಮಾಣು ತೂಕದಲ್ಲಿ 6 ಮತ್ತು 7. ಎರಡೂ ಎಂದೆಂದಿಗೂ ಒಡೆಯದೆ ಇರುವಂಥವು. ಮತ್ತೆ ಅಣು ಖನಿಜ ನಿರ್ದೇಶನಾಲಯ ಯಾಕೆ ಬಂತು? ಅಣುಶಕ್ತಿ ಕೆಲಸಕ್ಕೆ ಲಿಥಿಯಂ ಬೇಕಾಗುತ್ತದೆ, ಹಾಗಾಗಿ ನಮ್ಮ ಗಣಿ ಕಾಯ್ದೆಯ ಅಣು ಖನಿಜಗಳ ಪಟ್ಟಿಯಲ್ಲಿ ಅದರ ಹೆಸರಿತ್ತು. 2023ರ ತಿದ್ದುಪಡಿಯಲ್ಲಿ ಆ ಪಟ್ಟಿಯಿಂದ ಆರು ಖನಿಜಗಳನ್ನು ಕೈಬಿಟ್ಟರು, ಲಿಥಿಯಂ ಅದರಲ್ಲೊಂದು. ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿ ಅಂದಾಜಿಸಿರುವುದು 1,600 ಟನ್. ಅದಿರುವುದು ಪೆಗ್ಮಟೈಟ್ ಎಂಬ ದಪ್ಪ ಹರಳಿನ ಕಲ್ಲಿನಲ್ಲಿ, ಸ್ಪೋಡುಮಿನ್ ಎನ್ನುವ ಖನಿಜವಾಗಿ. ಬಂದ ಇಲಾಖೆಯ ಹೆಸರಿನಲ್ಲಿ "ಅಣು" ಇತ್ತು, ಊರಿನವರ ಕಿವಿಗೆ ಅಷ್ಟು ಸಾಕಾಯಿತು.

ಹಾಗಂತ ನಿಮ್ಮ ನೆಲದಲ್ಲಿ ವಿಕಿರಣ ಇಲ್ಲ ಅಂತ ನಾನು ಹೇಳುವುದಿಲ್ಲ. ಇದೆ. ನಿಮ್ಮ ಹೊಲದಲ್ಲಿದೆ, ನನ್ನ ಮನೆಯ ಹಿತ್ತಲಲ್ಲಿದೆ, ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿದೆ, ನಿಮ್ಮ ಅಕ್ಕನ ಮಗನ ಮೈಯಲ್ಲೂ ಇದೆ. ಎಲ್ಲ ಕಡೆಯೂ ಮುಖ್ಯವಾಗಿ ಮೂರೇ ಮೂಲಗಳು: ಯುರೇನಿಯಂ, ಥೋರಿಯಂ, ಮತ್ತು ಪೊಟ್ಯಾಸಿಯಂನ ಒಂದು ಸಣ್ಣ ಪಾಲಾದ ಪೊಟ್ಯಾಸಿಯಂ-40. ಯುರೇನಿಯಂ-238 ಅರ್ಧಕ್ಕೆ ಇಳಿಯಲು 447 ಕೋಟಿ ವರ್ಷ ಬೇಕು, ಥೋರಿಯಂ-232ಕ್ಕೆ 1,405 ಕೋಟಿ, ಪೊಟ್ಯಾಸಿಯಂ-40ಕ್ಕೆ 125 ಕೋಟಿ. ನಮ್ಮ ಭಾಗದ ತಳಪಾಯದ ಕಲ್ಲು, ಭೂವಿಜ್ಞಾನಿಗಳು ಪೆನಿನ್ಸುಲರ್ ನೈಸ್ ಎನ್ನುವುದು, 300 ಕೋಟಿ ವರ್ಷಕ್ಕೂ ಹಳೆಯದು. ಅದು ಹುಟ್ಟಿದಾಗ ಒಳಗಿದ್ದ ಥೋರಿಯಂ ಇವತ್ತಿಗೂ ಬಹುಪಾಲು ಹಾಗೇ ಇದೆ, ಯುರೇನಿಯಂನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿದಿದೆ, ಪೊಟ್ಯಾಸಿಯಂ-40 ಮಾತ್ರ ಹೆಚ್ಚುಕಡಿಮೆ ಆರರಲ್ಲಿ ಒಂದು ಪಾಲಿಗೆ ಇಳಿದಿದೆ. ಒಡೆದುಹೋದ ಆ ಪೊಟ್ಯಾಸಿಯಂ ಬಹುತೇಕ ಕ್ಯಾಲ್ಸಿಯಂ ಆಯಿತು, ಹತ್ತರಲ್ಲಿ ಒಂದು ಪಾಲು ಆರ್ಗಾನ್ ಎಂಬ ಅನಿಲವಾಯಿತು. ನಾವು ಉಸಿರಾಡುವ ಗಾಳಿಯಲ್ಲಿ ಶೇ. 0.93ರಷ್ಟು ಆರ್ಗಾನ್ ಇದೆಯಲ್ಲ, ಅದು ಬಹುಮಟ್ಟಿಗೆ ಹೀಗೇ ಕಲ್ಲುಗಳಿಂದ ಹೊರಬಿದ್ದದ್ದು. ಇದು ನಿಮ್ಮ ಪ್ರಶ್ನೆಗೆ ಬೇಕಿರಲಿಲ್ಲ, ಹೇಳದೆ ಇರಲಾಗಲಿಲ್ಲ.

ನಿಮ್ಮ ಹೊಲದ ಲೆಕ್ಕವನ್ನೇ ಹಾಕೋಣ. ಒಂದು ಎಕರೆಯಲ್ಲಿ ನೇಗಿಲು ತಿರುವಿ ಹಾಕುವ ಮೇಲಿನ 15 ಸೆಂಟಿಮೀಟರ್ ಮಣ್ಣು ತೂಗಿದರೆ ಸುಮಾರು 850 ಟನ್. ಪ್ರಪಂಚದ ಮಣ್ಣಿನ ಸರಾಸರಿ ಹಿಡಿದರೆ ಅಷ್ಟರಲ್ಲಿ ಎರಡು ಕಿಲೋ ಮೇಲೆ ಯುರೇನಿಯಂ, ಎಂಟೊಂಬತ್ತು ಕಿಲೋ ಥೋರಿಯಂ, ಹನ್ನೊಂದು ಟನ್ ಪೊಟ್ಯಾಸಿಯಂ ಇರುತ್ತದೆ. ಹನ್ನೊಂದು ಕಿಲೋ ಅಲ್ಲ, ಹನ್ನೊಂದು ಟನ್. ಇಷ್ಟು ಪೊಟ್ಯಾಷ್ ಕಾಲ ಕೆಳಗೇ ಇದ್ದರೂ ನೀವು ಸೊಸೈಟಿಯಲ್ಲಿ ಸಾಲು ನಿಂತು ಮೂಟೆ ತರುತ್ತೀರಿ, ಯಾಕೆಂದರೆ ಅದರಲ್ಲಿ ಬಹುಪಾಲು ಕಲ್ಲಿನ ಹರಳೊಳಗೆ ಬೀಗ ಹಾಕಿಕೊಂಡು ಕೂತಿದೆ. ಆ ಬೀಗ ಒಂದೊಂದಾಗಿ ತೆಗೆಯುವ ಕೆಲಸಕ್ಕೇ ಶಿಥಿಲೀಕರಣ ಅನ್ನುವುದು. ನಾವು ಮಾತಿನಲ್ಲಿ ಕಲ್ಲು ಕೊಳೆಯುವುದು ಅನ್ನುತ್ತೇವೆ, ನನಗೆ ಆ ಮಾತೇ ಇಷ್ಟ.

ಕೊಳೆಯುವುದನ್ನು ಕಣ್ಣಾರೆ ನೋಡಬೇಕಾದರೆ ನಿಮ್ಮ ಊರಲ್ಲಿ ಯಾರಾದರೂ ಬೋರ್ ಕೊರೆಸುವಾಗ ಹೋಗಿ ನಿಲ್ಲಿ. ಮೊದಲು ಕೆಂಪು ಮಣ್ಣು ಉಗುಳುತ್ತದೆ. ಆಮೇಲೆ ಗರಸು. ಅದರ ಕೆಳಗೆ ಬೂದುಬಣ್ಣದ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಕಲ್ಲು ಬರುತ್ತದೆ. ಕಲ್ಲಿನ ಗೆರೆ, ಪಟ್ಟೆ ಎಲ್ಲ ಹಾಗೇ ಇರುತ್ತವೆ, ಗಟ್ಟಿತನ ಒಂದು ಬಿಟ್ಟು. ಕೊನೆಗೆ ಬಿಟ್ ಕಿರುಗುಟ್ಟಿ ಬಿಳಿ ದೂಳು ಹಾರತೊಡಗಿದರೆ ಗಟ್ಟಿ ಬಂಡೆ ಸಿಕ್ಕಿತು ಅಂತ ಅರ್ಥ, ಕೇಸಿಂಗ್ ಪೈಪ್ ಅಲ್ಲಿಗೆ ನಿಲ್ಲಿಸುತ್ತಾರೆ. ಎಷ್ಟು ಅಡಿ ಕೇಸಿಂಗ್ ಇಳಿಯಿತೋ ಅಷ್ಟು ಆಳಕ್ಕೆ ನಿಮ್ಮ ನೆಲ ಕೊಳೆತಿದೆ. ಇಂಥ ಗಟ್ಟಿ ಕಲ್ಲಿನ ಸೀಮೆಗಳಲ್ಲಿ ಹತ್ತು ಲಕ್ಷ ವರ್ಷಕ್ಕೆ ಕೆಲವು ಮೀಟರಿಂದ ಕೆಲವು ಹತ್ತು ಮೀಟರ್ ಕಲ್ಲು ಮಣ್ಣಾಗುತ್ತದೆ. ಅರವತ್ತು ಅಡಿ ಕೇಸಿಂಗ್ ಹಾಕಿದವರು ಹತ್ತಾರು ಲಕ್ಷ ವರ್ಷದ ಕೆಲಸವನ್ನು ಒಂದೇ ರಾತ್ರಿಯಲ್ಲಿ ದಾಟಿ ಹೋಗಿರುತ್ತಾರೆ.

ಈಗ ವಿಡಿಯೊದ ಮಾತು. ವಿಕಿರಣದಿಂದ ಕಲ್ಲು ಒಡೆಯುತ್ತದೆಯೇ? ದೊಡ್ಡ ಲೆಕ್ಕದಲ್ಲಿ ಇಲ್ಲ. ಒಂದು ಘನ ಮೀಟರ್ ಗ್ರಾನೈಟ್‌ನಲ್ಲಿರುವ ಈ ಮೂರೂ ಧಾತುಗಳು ಸೇರಿ ಹುಟ್ಟಿಸುವ ಶಾಖ ಒಂದು ವ್ಯಾಟ್‌ನ ಹತ್ತು ಲಕ್ಷದಲ್ಲಿ ಎರಡೂವರೆ ಪಾಲು ಅಷ್ಟೇ. ಆ ಶಾಖವನ್ನು ಒಂದು ಚೂರೂ ಸೋರದಂತೆ ಕೂಡಿಟ್ಟರೆ ಒಂದು ಸಣ್ಣ ಲೋಟ ಕಾಫಿ ನೀರು ಕುದಿಯಲು ನಾಲ್ಕು ನೂರು ವರ್ಷ ಹಿಡಿಯುತ್ತದೆ. ಬಂಡೆ ಒಡೆಯುವವರು ಬೇರೆ ಇದ್ದಾರೆ: ಮಳೆನೀರು, ಅದರಲ್ಲಿ ಕರಗಿದ ಇಂಗಾಲದ ಡೈ ಆಕ್ಸೈಡ್, ಬೇರುಗಳು ಬಿಡುವ ಆಮ್ಲ, ಬಿರುಕಿನಲ್ಲಿ ಕಾಲಿಡುವ ಆಲ-ಅರಳಿ.

ಆದರೆ ಕಣ್ಣಿಗೆ ಕಾಣದ ಅಳತೆಯಲ್ಲಿ ವಿಡಿಯೊದವರ ಮಾತು ಪೂರ್ತಿ ಸುಳ್ಳೂ ಅಲ್ಲ. ಕಲ್ಲನ್ನು ಕಾಗದಕ್ಕಿಂತ ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಂದು ಬಣ್ಣದ ಅಭ್ರಕದ ಹಾಳೆಯಲ್ಲಿ ಅಲ್ಲಲ್ಲಿ ಒಂದು ಬಣ್ಣವಿಲ್ಲದ ಚುಕ್ಕೆ, ಅದರ ಸುತ್ತ ಒಂದು ಕರಿ ಬಳೆ ಕಾಣುತ್ತದೆ. ಚುಕ್ಕೆ ಜಿರ್ಕಾನ್ ಹರಳು, ಅದರೊಳಗೆ ಯುರೇನಿಯಂ ಇದೆ. ಅಲ್ಲಿಂದ ಕೋಟ್ಯಂತರ ವರ್ಷ ಚಿಮ್ಮಿದ ಆಲ್ಫಾ ಕಣಗಳು, ಅಂದರೆ ಪರಮಾಣು ಒಡೆಯುವಾಗ ಸಿಡಿಯುವ ಚೂರುಗಳು, ಎಷ್ಟು ದೂರ ಹೋಗಬಲ್ಲವೋ ಅಷ್ಟು ದೂರದ ಅಭ್ರಕವನ್ನು ಸುಟ್ಟಂತೆ ಕೆಡಿಸಿವೆ. ಬಳೆಯ ಅಗಲ ಒಂದು ಮಿಲಿಮೀಟರ್‌ನ ನೂರರಲ್ಲಿ ಮೂರು-ನಾಲ್ಕು ಪಾಲು. ಈ ಬಳೆಗಳಿಗೆ ವಿಕಿರಣವೇ ಕಾರಣ ಅಂತ 1907ರಲ್ಲಿ ತೋರಿಸಿದವರಲ್ಲಿ ಐರ್ಲೆಂಡಿನ ಜಾನ್ ಜೋಲಿ ಒಬ್ಬರು. ಮೊದಲ ಸಲ ಇದನ್ನು ನೋಡಿದ ವಿದ್ಯಾರ್ಥಿಗಳು ಗಾಜಿನ ಮೇಲೆ ಕೊಳೆ ಕೂತಿದೆ ಎಂದುಕೊಂಡು ಒರೆಸಲು ಹೋಗುತ್ತಾರೆ. ನಾನೂ ಒರೆಸಿದ್ದೆ. ಹೆಚ್ಚು ಯುರೇನಿಯಂ ತುಂಬಿಕೊಂಡ ಜಿರ್ಕಾನ್ ತನ್ನ ಹರಳಿನ ಕಟ್ಟನ್ನೇ ಕಳೆದುಕೊಂಡು ಊದಿಕೊಳ್ಳುತ್ತದೆ, ಸುತ್ತಲಿನ ಖನಿಜದಲ್ಲಿ ಕೂದಲೆಳೆ ಬಿರುಕು ಬಿಡಿಸುತ್ತದೆ. ನೀರಿಗೆ ಅಂಥ ಬಿರುಕು ಸಿಕ್ಕರೆ ಬಿಟ್ಟೀತೇ? ವಿಕಿರಣ ಸಂದು ಬಿಡಿಸುತ್ತದೆ, ಒಳಗೆ ನುಗ್ಗಿ ಕಲ್ಲನ್ನು ಕೊಳೆಸುವುದು ನೀರು.

ಇನ್ನು ಅರ್ಧ ಎಲ್ಲಿ ಹೋಯಿತು ಎಂಬುದಕ್ಕೆ ಬರುತ್ತೇನೆ. ಬಂಡೆ ಇರುವವರೆಗೆ ಈ ಮೂರೂ ಒಂದೇ ಮನೆಯಲ್ಲಿರುವ ಅಣ್ಣ-ತಮ್ಮಂದಿರು. ಕಲ್ಲು ಕೊಳೆತ ದಿನ ಪಾಲಾಗುತ್ತಾರೆ.

ಪೊಟ್ಯಾಸಿಯಂ ಇರುವುದು ಫೆಲ್ಡ್‌ಸ್ಪಾರ್ ಮತ್ತು ಅಭ್ರಕದಲ್ಲಿ. ಚಾಮುಂಡಿ ಬೆಟ್ಟದ ಗ್ರಾನೈಟ್‌ನಲ್ಲಿ ಕಾಣುವ ನಸುಗೆಂಪು ಹರಳುಗಳು ಈ ಫೆಲ್ಡ್‌ಸ್ಪಾರ್. ಆ ಬೆಟ್ಟದ ವಯಸ್ಸು ಸುಮಾರು 80 ಕೋಟಿ ವರ್ಷ, ನಿಮ್ಮ ನೈಸ್ ಮುಂದೆ ಕೂಸು. ಫೆಲ್ಡ್‌ಸ್ಪಾರ್ ಕೊಳೆತರೆ ಜೇಡಿಯಾಗುತ್ತದೆ, ಪೊಟ್ಯಾಸಿಯಂ ಬಿಡುಗಡೆಯಾಗುತ್ತದೆ. ಬಿಡುಗಡೆಯಾದದ್ದರಲ್ಲಿ ಒಂದಿಷ್ಟು ಜೇಡಿಯ ಪದರಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ, ಒಂದಿಷ್ಟನ್ನು ಬೆಳೆ ತಿನ್ನುತ್ತದೆ, ಉಳಿದದ್ದು ಮಳೆನೀರಲ್ಲಿ ಹಳ್ಳ ಸೇರಿ ಕಾವೇರಿಯ ಪಾಲಾಗುತ್ತದೆ. ಬಹಳ ಕೊಳೆತ ಕೆಂಪು ನೆಲದಲ್ಲಿ ಪೊಟ್ಯಾಸಿಯಂನ ವಿಕಿರಣ ಬಂಡೆಗಿಂತ ಕಡಿಮೆ ಇರುವುದು ಇದರಿಂದ. ವಿಮಾನದಲ್ಲಿ ಗಾಮಾ, ಅಂದರೆ ನೆಲದಿಂದ ತೂರಿ ಬರುವ ವಿಕಿರಣದ ಕಿರಣ, ಅಳೆಯುವ ಯಂತ್ರ ಇಟ್ಟುಕೊಂಡು ಹಾರಿ ನಕ್ಷೆ ಮಾಡುವವರು ಇದನ್ನೇ ನೋಡುತ್ತಾರೆ: ಪೊಟ್ಯಾಸಿಯಂ ಕಡಿಮೆ, ಥೋರಿಯಂ ಹೆಚ್ಚು ಕಂಡರೆ ಕೆಳಗಿರುವುದು ಹಳೆಯ, ಆಳವಾಗಿ ಕೊಳೆತ ನೆಲ.

ಥೋರಿಯಂ ಮನೆ ಬಿಟ್ಟು ಕದಲದವನು. ನೀರಿನಲ್ಲಿ ಕರಗುವುದಿಲ್ಲ ಅಂದರೂ ಸರಿ. ಅದು ಕೂತಿರುವ ಮೊನಜೈಟ್‌ನಂಥ ಖನಿಜವೂ ಗಟ್ಟಿ ಪಿಂಡ. ಅಕಸ್ಮಾತ್ ಆಚೆ ಬಂದರೂ ಪಕ್ಕದಲ್ಲಿರುವ ಜೇಡಿಗೋ, ಮಣ್ಣನ್ನು ಕೆಂಪಾಗಿಸಿರುವ ಕಬ್ಬಿಣದ ಆಕ್ಸೈಡ್‌ಗೋ ಅಂಟಿಕೊಂಡುಬಿಡುತ್ತದೆ. ಸುತ್ತಲಿನವರೆಲ್ಲ ಹೊರಟು ಹೋದಂತೆ ಉಳಿದ ಮಣ್ಣಿನಲ್ಲಿ ಇದರ ಪ್ರಮಾಣ ಏರುತ್ತಾ ಹೋಗುತ್ತದೆ.

ಇದನ್ನು ನೀವು ಬರಿಗೈಯಲ್ಲಿ ನೋಡಬಹುದು. ಜೋರು ಮಳೆ ಬಂದು ನಿಂತ ಮರುದಿನ ಮೇಲಿನ ಹೊಲದ ಇಳಿಜಾರಿಗೆ ಹೋಗಿ. ನೀರು ಹರಿದ ಕೊರಕಲಲ್ಲಿ ಬಿಳಿ ಮರಳಿನ ಮೇಲೆ ಕಾಡಿಗೆ ಎಳೆದಂತೆ ಕರಿ ಗೆರೆಗಳಿರುತ್ತವೆ. ಒಂದು ಹಿಡಿ ಆ ಕರಿ ಮರಳನ್ನು ಕಾಗದದ ಮೇಲೆ ಒಣಗಿಸಿ, ಹಳೆಯ ಸ್ಪೀಕರಿನ ಆಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮೇಲೆ ಆಡಿಸಿ. ಮುಳ್ಳುಹಂದಿಯ ಹಾಗೆ ನಿಮಿರಿಕೊಂಡು ಅಂಟುವುದು ಮ್ಯಾಗ್ನಟೈಟ್. ಅಂಟದೆ ಉಳಿದ ಕಾಳುಗಳಲ್ಲಿ ಇಲ್ಮನೈಟ್ ಇರುತ್ತದೆ, ಅದೃಷ್ಟವಿದ್ದರೆ ಜಿರ್ಕಾನ್, ಮೊನಜೈಟ್ ಕೂಡ. ಮೊರದಲ್ಲಿ ರಾಗಿ ಕೇರುವಾಗ ಹೊಟ್ಟು ಹಾರಿ ಕಾಳು ನಿಲ್ಲುವುದಿಲ್ಲವೇ, ಹಾಗೆ ನೀರು ಹಗುರವಾದದ್ದನ್ನು ಒಯ್ದು ಭಾರವಾದದ್ದನ್ನು ಬಿಟ್ಟು ಹೋಗಿದೆ. ಇದೇ ಕೆಲಸವನ್ನು ನದಿಗಳೂ ಸಮುದ್ರದ ಅಲೆಗಳೂ ಲಕ್ಷಗಟ್ಟಲೆ ವರ್ಷ ಮಾಡಿದ್ದರ ಫಲ ಕೇರಳದ ಚವರ, ಕರುನಾಗಪಳ್ಳಿಯ ಮೊನಜೈಟ್ ಮರಳು. ಅಲ್ಲಿನ ನೆಲದ ವಿಕಿರಣ ನಿಮ್ಮ ಬಂಡೆಯದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅಲ್ಲಿನ ಜನರನ್ನು ವರ್ಷಾನುಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ ಅದರಿಂದ ಕ್ಯಾನ್ಸರ್ ಹೆಚ್ಚಿದ್ದು ಕಂಡುಬಂದಿಲ್ಲ. ನಮ್ಮ ತಲಕಾಡಿನ ಮರಳಿನ ಬಗ್ಗೆಯೂ ಕೆಲವರು ಕೇಳುತ್ತಾರೆ. ಹೊಳೆ ಮರಳು ಹೆಚ್ಚಾಗಿ ಬೆಣಚು, ಬೆಣಚಿನಲ್ಲಿ ಈ ಮೂವರಲ್ಲಿ ಯಾರಿಗೂ ಹೆಚ್ಚು ಜಾಗವಿಲ್ಲ.

ಪಾಲು ತೆಗೆದುಕೊಂಡು ಊರು ಬಿಡುವವನು ಯುರೇನಿಯಂ. ಗಟ್ಟಿ ಬಂಡೆಯೊಳಗೆ ಗಾಳಿ ತಾಕದೆ ಇರುವಾಗ ಇವನೂ ಕದಲುವುದಿಲ್ಲ. ಆಕ್ಸಿಜನ್ ಇರುವ ನೀರು ತಾಕಿತೋ, ರೂಪ ಬದಲಿಸುತ್ತಾನೆ. ನೀರಿನಲ್ಲಿ ಬೈಕಾರ್ಬೊನೇಟ್ ಇದ್ದರಂತೂ ಅದರ ಕೈ ಹಿಡಿದು ಸಲೀಸಾಗಿ ಹೊರಡುತ್ತಾನೆ. ನಿಮ್ಮ ಮೇಲಿನ ಹೊಲದಿಂದ ಕಳೆದುಹೋದ ಯುರೇನಿಯಂ ಇಳಿಜಾರಲ್ಲಿ ಎರಡು ದಾರಿ ಹಿಡಿಯುತ್ತದೆ. ಒಂದಿಷ್ಟು ಕೆಳಗಿನ ಕಪ್ಪು ಮಣ್ಣಿನ ಬಯಲಿಗೆ ಬಂದು ನಿಲ್ಲುತ್ತದೆ. ನೀರು ನಿಂತ, ಗಾಳಿಯಾಡದ, ಕೊಳೆತ ಎಲೆ-ಬೇರು ತುಂಬಿದ ಗದ್ದೆಯ ಕೆಸರಿನಲ್ಲಿ ಅದು ಮತ್ತೆ ಕರಗದ ರೂಪಕ್ಕೆ ತಿರುಗಿ ತಳ ಸೇರುತ್ತದೆ. ಗದ್ದೆ ಅಗೆದಾಗ ಸಿಗುವ ಬಿಳಿ ಸುಣ್ಣದ ಹರಳುಗಳಿವೆಯಲ್ಲ, ಅವುಗಳ ಜೊತೆಗೂ ಸ್ವಲ್ಪ ಸೇರಿಕೊಳ್ಳುತ್ತದೆ. ಇನ್ನೊಂದಿಷ್ಟು ಬಿರುಕುಗಳಲ್ಲಿ ಇಳಿದು ಅಂತರ್ಜಲಕ್ಕೆ ಸೇರುತ್ತದೆ. ಈ ಎರಡನೆಯ ದಾರಿಯನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಯುರೇನಿಯಂ ಊರು ಬಿಡುವುದಕ್ಕೆ ಇನ್ನೂ ಒಂದು ಕಾರಣವಿದೆ, ಮಣ್ಣಿನ ವಿಜ್ಞಾನದಲ್ಲಿ ನನಗೆ ಅತ್ಯಂತ ಚೆಂದ ಕಾಣುವುದು. ಯುರೇನಿಯಂ-238ರ ಪರಮಾಣು ಆಲ್ಫಾ ಕಣ ಹಾರಿಸಿದಾಗ, ಕೋವಿ ಹೊಡೆದವನ ಭುಜಕ್ಕೆ ಬೀಳುವಂತೆ ಉಳಿದ ಪರಮಾಣುವಿಗೆ ಹಿಂದಕ್ಕೆ ಒಂದು ಒದೆ ಬೀಳುತ್ತದೆ. ಅದು ಜರುಗುವುದು ಒಂದು ಮಿಲಿಮೀಟರ್‌ನ ಲಕ್ಷದಲ್ಲಿ ಕೆಲವೇ ಪಾಲು. ಹರಳಿನ ಅಂಚಿನಲ್ಲಿದ್ದರೆ ಅಷ್ಟೇ ಸಾಕು, ಜಿಗಿದು ಪಕ್ಕದ ನೀರಿಗೆ ಬೀಳುತ್ತದೆ. ಅದು ಮುಂದೆ ಯುರೇನಿಯಂ-234 ಆಗುತ್ತದೆ. ಹಾಗಾಗಿ ಬಾವಿ ನೀರಿನಲ್ಲಿ 234ರ ಪಾಲು ಇರಬೇಕಾದ್ದಕ್ಕಿಂತ ಹೆಚ್ಚು, ಕೊಳೆತ ಕಲ್ಲಿನಲ್ಲಿ ಕಡಿಮೆ. ಈ ವ್ಯತ್ಯಾಸ ಅಳೆದು ಕಲ್ಲು ಯಾವಾಗ ಕೊಳೆಯಲು ಶುರುವಾಯಿತು, ಮಣ್ಣು ಯಾವ ವೇಗದಲ್ಲಿ ಹುಟ್ಟುತ್ತಿದೆ ಎಂದು ಲೆಕ್ಕ ಹಾಕುತ್ತಾರೆ. ಮಣ್ಣಿಗೆ ಜಾತಕ ಬರೆಯಬಲ್ಲ ಗಡಿಯಾರ ಅದರೊಳಗೇ ಇದೆ.

ಹಾಗಾಗಿ ನಿಮ್ಮ 0.26 ಮತ್ತು 0.13. ಮೊದಲು ಎರಡರಿಂದಲೂ ಸುಮಾರು 0.04 ಕಳೆಯಿರಿ, ಅದು ನೆಲದ್ದಲ್ಲ, ಆಕಾಶದಿಂದ ಬರುವ ಕಾಸ್ಮಿಕ್ ಕಿರಣದ್ದು. ಮಿಕ್ಕಿದ್ದರ ನಡುವಿನ ವ್ಯತ್ಯಾಸದಲ್ಲಿ ಒಂದು ಭಾಗ ಈಗ ಹೇಳಿದ ಪಾಲುಪಟ್ಟಿಯದು. ಇನ್ನೊಂದು ಭಾಗ ಬರೀ ನೀರಿನದು: ಗದ್ದೆಯಲ್ಲಿ ನಿಂತ ನೀರು, ನೆನೆದ ಕೆಸರು ಕೆಳಗಿಂದ ಬರುವ ಗಾಮಾ ಕಿರಣವನ್ನು ತಡೆಯುತ್ತವೆ. ಮೀಟರಿಗೆ ತಲುಪುವ ಕಿರಣ ಬರುವುದೇ ಬಹುಪಾಲು ಮೇಲಿನ ಒಂದಡಿ ಮಣ್ಣಿನಿಂದ. ಅದೇ ಗದ್ದೆಯನ್ನು ಬೇಸಿಗೆಯಲ್ಲಿ, ಮಣ್ಣು ಬಾಯಿಬಿಟ್ಟಾಗ ಅಳೆಯಿರಿ, ಅಂಕಿ ಏರಿರುತ್ತದೆ. ಬಂಡೆಯ ಮೇಲೆ ಇಡೀ ವರ್ಷ ಮಲಗಿದರೂ ಗಂಟೆಗೆ 0.26ರ ಲೆಕ್ಕದಲ್ಲಿ 2.3 ಮಿಲಿಸೀವರ್ಟ್ (ಸಾವಿರ ಮೈಕ್ರೊ ಸೇರಿದರೆ ಒಂದು ಮಿಲಿ). ಪ್ರಕೃತಿಯಿಂದಲೇ ಎಲ್ಲ ದಾರಿಗಳಲ್ಲೂ ಮನುಷ್ಯನಿಗೆ ಸೇರುವ ವಿಕಿರಣದ ಪ್ರಪಂಚ ಸರಾಸರಿ ವರ್ಷಕ್ಕೆ 2.4. ಅಂಗೈ ಮೀಟರಿನ ಎರಡನೇ ದಶಾಂಶವನ್ನು ನಾನಂತೂ ನಂಬುವುದಿಲ್ಲ, ಅದೂ ಹೇಳಿಬಿಡುತ್ತೇನೆ.

ಗೊಬ್ಬರದ ವಿಷಯದಲ್ಲಿ ನನ್ನದೇ ಒಂದು ಪೆದ್ದುತನದ ಕತೆ. ಎಂ.ಎಸ್ಸಿ. ಓದುವಾಗ ಸಾಲ ತಂದ, ವಿಕಿರಣ ಎಣಿಸುವ ಕೌಂಟರ್ ಹಿಡಿದು ಮಂಡ್ಯದ ಒಂದು ಗೊಬ್ಬರದ ಗೋದಾಮಿಗೆ ಹೋಗಿದ್ದೆ. ಯೂರಿಯ ಮೂಟೆಗಳ ಹತ್ತಿರ ಸುಮ್ಮನಿದ್ದದ್ದು ಪೊಟ್ಯಾಷ್ ಮೂಟೆಗಳ ಮುಂದೆ ಕಟಕಟ ಅನ್ನತೊಡಗಿತು. ಹುಡುಗುಬುದ್ಧಿ, "ಇದನ್ನು ಮುಟ್ಟಬೇಡಿ" ಅಂತ ಹಮಾಲಿಗಳಿಗೆ ಹೇಳಿಬಿಟ್ಟೆ. ಅವರು ಆ ದಿನ ಲಾರಿ ಇಳಿಸಲಿಲ್ಲ. ಗೋದಾಮಿನ ಯಜಮಾನರು ನನ್ನನ್ನು ಕೂರಿಸಿ ಬೈದದ್ದು ಈಗಲೂ ಕಿವಿಯಲ್ಲಿದೆ, ಬೈಸಿಕೊಳ್ಳುವಂಥ ಕೆಲಸವೇ ಅದು.

ಯಾಕೆಂದರೆ ಲೆಕ್ಕ ಹೀಗಿದೆ. ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸೆಕೆಂಡಿಗೆ ಸುಮಾರು 31 ಪರಮಾಣು ಒಡೆಯುತ್ತವೆ, ಅಂದರೆ 31 ಬೆಕೆರೆಲ್. ಗೊಬ್ಬರದ ಪೊಟ್ಯಾಷ್‌ನಲ್ಲಿ ಅರ್ಧದಷ್ಟು ಪೊಟ್ಯಾಸಿಯಂ, ಹಾಗಾಗಿ 50 ಕಿಲೋ ಮೂಟೆಯಲ್ಲಿ ಏಳೂಮುಕ್ಕಾಲು ಲಕ್ಷ ಬೆಕೆರೆಲ್. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಎಕರೆ ಮಣ್ಣಿನ ಮೇಲ್ಪದರದಲ್ಲಿ ಆಗಲೇ ಮೂವತ್ನಾಲ್ಕು ಕೋಟಿ ಇದೆ. ನಿಮ್ಮ ಮೂಟೆ ಅದಕ್ಕೆ ಸೇರಿಸುವುದು ನೂರಕ್ಕೆ ಕಾಲು ಪಾಲೂ ಅಲ್ಲ, ಅದನ್ನೂ ಕಬ್ಬು ಹೀರಿಕೊಳ್ಳುತ್ತದೆ. ಬೆಲ್ಲದಲ್ಲಿ, ಅನ್ನದಲ್ಲಿ, ಮದ್ದೂರಿನ ಎಳನೀರಿನಲ್ಲಿ ಪೊಟ್ಯಾಸಿಯಂ ಇದ್ದೇ ಇದೆ. ಒಂದು ಎಳನೀರಿಗೆ ಇಪ್ಪತ್ತು ಬೆಕೆರೆಲ್ ಹತ್ತಿರ. ಕುಡಿದರೆ ಮೈಯಲ್ಲಿ ಜಮೆಯಾಗುತ್ತದೆಯೇ? ಇಲ್ಲ. ದೇಹ ತನಗೆ ಬೇಕಾದಷ್ಟು ಪೊಟ್ಯಾಸಿಯಂ ಇಟ್ಟುಕೊಂಡು ಹೆಚ್ಚಿನದನ್ನು ಮೂತ್ರದಲ್ಲಿ ಕಳಿಸುತ್ತದೆ. ಎಪ್ಪತ್ತು ಕಿಲೋ ತೂಗುವ ಆಳಿನ ಮೈಯಲ್ಲಿ ಯಾವಾಗಲೂ ಹೆಚ್ಚುಕಡಿಮೆ 4,400 ಬೆಕೆರೆಲ್ ಇರುತ್ತದೆ, ಎಳನೀರು ಕುಡಿಯಲಿ ಬಿಡಲಿ.

ಡಿಎಪಿ, ಸೂಪರ್ ಫಾಸ್ಫೇಟ್ ಸ್ವಲ್ಪ ಬೇರೆ. ಸಮುದ್ರದ ತಳದಲ್ಲಿ ಕೂಡಿಕೊಂಡ ಫಾಸ್ಫೇಟ್ ಕಲ್ಲಿನಲ್ಲಿ ಸಾಮಾನ್ಯ ಮಣ್ಣಿಗಿಂತ ಹತ್ತಾರು ಪಟ್ಟು ಯುರೇನಿಯಂ ಇರುತ್ತದೆ, ಗೊಬ್ಬರಕ್ಕೂ ಒಂದಿಷ್ಟು ಬರುತ್ತದೆ. ವರ್ಷಕ್ಕೆ ಹಾಕುವ ಪ್ರಮಾಣದಲ್ಲಿ ಮಣ್ಣಿನ ಲೆಕ್ಕ ಬದಲಾಗುವುದಿಲ್ಲ. ದಶಕಗಟ್ಟಲೆ ಬೇಕಾದ್ದಕ್ಕಿಂತ ಹೆಚ್ಚು ಸುರಿದರೆ ನಿಧಾನಕ್ಕೆ ಏರುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ರಂಜಕ ಹಾಕಿ ಎಂದು ನಾವು ಹೇಳುವುದಕ್ಕೆ ದುಡ್ಡಿನ ಕಾರಣವೇ ಸಾಕು, ಇದು ಅದರ ಹಿಂದೆ ನಿಲ್ಲುವ ಸಣ್ಣ ಕಾರಣ. ಯುರೇನಿಯಂ ಆಗಲಿ ಥೋರಿಯಂ ಆಗಲಿ ಬೆಳೆಯ ಬೇರಿನಿಂದ ಮೇಲಕ್ಕೆ ಹತ್ತುವುದು ಬಹಳ ಕಡಿಮೆ. ಮಣ್ಣಿನಲ್ಲಿ ಇದ್ದದ್ದರ ಸಾವಿರದಲ್ಲಿ ಒಂದು ಪಾಲಿನಷ್ಟು ಕಾಳಿಗೆ ಬಂದರೆ ಹೆಚ್ಚು. ಬೇರು ಅದನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತದೆ. ಕೆರೆ ಗೋಡು ಹೊಡೆಸುವವರು ಕೂಡ ಈ ಕಾರಣಕ್ಕೆ ಹಿಂಜರಿಯಬೇಕಿಲ್ಲ, ಅದು ನಿಮ್ಮದೇ ಇಳಿಜಾರಿನ ಮಣ್ಣು, ಮನೆಗೆ ವಾಪಸ್ ಬರುತ್ತಿದೆ.

ಬೇರಿನಿಂದ ಬಾರದ್ದು ಎಲೆಯ ಮೇಲಿಂದ ಬರುವ ಒಂದು ಬೆಳೆ ನಮ್ಮ ಪಕ್ಕದಲ್ಲೇ ಇದೆ: ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು. ಮಣ್ಣಿನ ಯುರೇನಿಯಂ ಒಡೆಯುತ್ತಾ ರೇಡಿಯಂ ಆಗಿ, ರೇಡಿಯಂ ರೇಡಾನ್ ಎಂಬ ಅನಿಲವಾಗುತ್ತದೆ. ಕಲ್ಲು ಕೊಳೆತಷ್ಟೂ ಅದಕ್ಕೆ ಹೊರಬರುವ ದಾರಿ ಸಲೀಸು, ಗಟ್ಟಿ ಬಂಡೆಯಲ್ಲಿ ಹರಳೊಳಗೇ ಸಾಯುತ್ತಿದ್ದದ್ದು ಮಣ್ಣಿನ ಸಂದುಗಳಲ್ಲಿ ಮೇಲಕ್ಕೆ ಬರುತ್ತದೆ. ರೇಡಾನ್ ನಾಲ್ಕು ದಿನದೊಳಗೆ ಅರ್ಧವಾಗುತ್ತದೆ, ಕೊನೆಗೆ ಸೀಸ-210 ಮತ್ತು ಪೊಲೋನಿಯಂ-210 ಉಳಿಯುತ್ತವೆ. ಗಾಳಿಯಲ್ಲಿ ತೇಲುವ ಇವು ಹೊಗೆಸೊಪ್ಪಿನ ಅಂಟು ರೋಮಕ್ಕೆ ಅಂಟಿಕೊಳ್ಳುತ್ತವೆ. ಸಿಗರೇಟು ಸೇದುವವರ ಶ್ವಾಸಕೋಶಕ್ಕೆ ಅದು ನೇರವಾಗಿ ಹೋಗುತ್ತದೆ. ನಿಮ್ಮ ಊರಲ್ಲಿ ವಿಕಿರಣಕ್ಕೆ ಹೆದರಿ ಅರಳಿಕಟ್ಟೆಯಲ್ಲಿ ಕೂತು ಸಿಗರೇಟು ಹಚ್ಚುತ್ತಿರುವವರಿಗೆ ಇದನ್ನು ಓದಿ ಹೇಳಿ.

ರೇಡಾನ್ ಮನೆಯೊಳಗೂ ಬರುತ್ತದೆ. ಪ್ರಕೃತಿಯಿಂದ ನಮಗೆ ಸೇರುವ ವಿಕಿರಣದಲ್ಲಿ ಅರ್ಧದಷ್ಟು ಇದರದೇ. ಹಳೆಯ ತೊಟ್ಟಿ ಮನೆಗಳಲ್ಲಿ ಆಕಾಶಕ್ಕೇ ಬಾಯಿ ತೆರೆದಿರುವಾಗ ಅದು ನಿಲ್ಲುತ್ತಿರಲಿಲ್ಲ. ಕಿಟಕಿ ಬಿಗಿದು ಏಸಿ ಹಾಕಿದ ಹೊಸ ಕೋಣೆಗಳಲ್ಲಿ ನಿಲ್ಲುತ್ತದೆ. ನೆಲದ ಬಿರುಕಿಗೆ ಸಿಮೆಂಟ್ ಮೆತ್ತಿ, ಬೆಳಿಗ್ಗೆ ಕಿಟಕಿ ತೆಗೆಯಿರಿ, ಅಷ್ಟು ಸಾಕು.

ನಿಮ್ಮ ಜಾಗದಲ್ಲಿ ನಾನಿದ್ದರೆ ಮಣ್ಣನ್ನು ಬಿಟ್ಟು ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸುತ್ತಿದ್ದೆ. ಊರು ಬಿಟ್ಟ ಯುರೇನಿಯಂನ ಎರಡನೆಯ ದಾರಿ ಅಂದೆನಲ್ಲ, ಅದು ಬಂದು ನಿಲ್ಲುವುದು ಅಲ್ಲಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆ ಇಂಥದೇ ಗಟ್ಟಿ ಕಲ್ಲಿನ ಆಳದ ಬೋರ್‌ಗಳಲ್ಲಿ ಮಿತಿ ಮೀರಿದ ಯುರೇನಿಯಂ ಸಿಕ್ಕಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೊಗ್ರಾಂ, ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿ ವಿಕಿರಣದ ದೃಷ್ಟಿಯಿಂದ ಇಟ್ಟದ್ದು 60. ಇಲ್ಲಿ ತೊಂದರೆ ವಿಕಿರಣಕ್ಕಿಂತ ರಾಸಾಯನಿಕದ್ದು. ಸೀಸದಂತೆ ಯುರೇನಿಯಂ ಕೂಡ ಭಾರಲೋಹ, ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ನಿಮ್ಮ ಅಕ್ಕನ ಮಗನ ಮೀಟರ್ ಇದನ್ನು ಎಂದೂ ತೋರಿಸುವುದಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ. ಆರ್‌ಓ ಯಂತ್ರ ಅದನ್ನು ಚೆನ್ನಾಗಿ ತೆಗೆಯುತ್ತದೆ. ನಾಲೆ ನೀರಿನಿಂದ ಬರುವ ಕುಡಿಯುವ ನೀರಿದ್ದರೆ ಈ ಚಿಂತೆ ಬಹುಮಟ್ಟಿಗೆ ಇಲ್ಲ.

ಮೋಟಾರು ಹಾಕಿ ಹತ್ತು ನಿಮಿಷ ನೀರು ಹೋಗಲು ಬಿಡಿ, ಪೈಪಿನಲ್ಲಿ ನಿಂತ ನೀರು ಬೇಡ. ಹೊಸ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು ಕುತ್ತಿಗೆವರೆಗೆ ತುಂಬಿ. ಮೇಲೆ ಊರು, ತಾರೀಖು, ಬೋರಿನ ಆಳ, ಕೇಸಿಂಗ್ ಎಷ್ಟು ಅಡಿ ಎಂದು ಬರೆಯಿರಿ. ಪ್ರಯೋಗಾಲಯದಲ್ಲಿ ಕೊಡುವಾಗ "ಯುರೇನಿಯಂ" ಎಂದು ಬಾಯಿಬಿಟ್ಟು ಕೇಳಿ, ಸಾಮಾನ್ಯವಾಗಿ ನೋಡುವ ಫ್ಲೋರೈಡ್, ನೈಟ್ರೇಟ್, ಗಡಸುತನದ ಪಟ್ಟಿಯಲ್ಲಿ ಅದು ಸೇರಿರುವುದಿಲ್ಲ. ಒಂದು ಸಲ ಬೇಸಿಗೆಯಲ್ಲಿ, ಒಂದು ಸಲ ಮಳೆಗಾಲ ಮುಗಿದ ಮೇಲೆ ಮಾಡಿಸಿ. ಎರಡೂ ಅಂಕಿ ಬಂದಾಗ ಬರೆಯಿರಿ, ಕೊರಕಲಿನ ಕರಿ ಮರಳು ಒಂದು ಚಿಟಿಕೆ ಪೊಟ್ಟಣ ಕಟ್ಟಿ ಕಳಿಸಿದರೆ ಇನ್ನೂ ಸಂತೋಷ.